ಬಣ್ಣಕ್ಕೆ ಮುಂಚಿನ ಒಂಬತ್ತು ದಿನ
ಮನೆಯಲ್ಲೇ ಬೈಕಿಗೆ ಬಣ್ಣ ಹೊಡೆಯಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಮನೆಯಂಗಳದಲ್ಲಿ ಗಾಡಿ ಬಿಚ್ಚಿಟ್ಟುಕೊಂಡು ಕೂತಿರುವ ತಮ್ಮಂದಿರೇ, ತಂಗಿಯರೇ,



ಗಣಪತಿ ಹಬ್ಬ ಮುಗಿದು ಆಯುಧಪೂಜೆ ಹತ್ತಿರ ಬಂತೆಂದರೆ ನಿಮ್ಮಲ್ಲಿ ಕೆಲವರು ನಮ್ಮ ಶೆಡ್ಡಿನ ಬಾಗಿಲಿಗೆ ಬರುತ್ತೀರಿ. ಕೈಯಲ್ಲಿ ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ಪೆಟ್ರೋಲ್ ಟ್ಯಾಂಕು, ಮುಖದಲ್ಲಿ ಸಂಕೋಚ. "ಅಣ್ಣಾ, ಮನೇಲೇ ಹೊಡ್ದೆ, ಸರಿ ಬರ್ಲಿಲ್ಲ. ಹಬ್ಬದೊಳಗೆ ಮಾಡ್ಕೊಡ್ತೀರಾ?"

ಕಳೆದ ತಿಂಗಳು ಬಂದವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬಹುದು. ಬೆಡ್‌ಶೀಟು ಬಿಚ್ಚಿದರೆ ಯೆಜ್ಡಿ ರೋಡ್‌ಕಿಂಗ್ ಟ್ಯಾಂಕು. ತಾತನ ಗಾಡಿಯಂತೆ. ಮೂರು ಸ್ಪ್ರೇ ಡಬ್ಬಿ ತಂದು ತಾರಸಿಯ ಮೇಲೆ ಹೊಡೆದಿದ್ದ. ದೂರದಿಂದ ಕೆಂಪು ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರ ಹೋದರೆ ಮೈತುಂಬ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಳಿ. ಮುಚ್ಚಳದ ಪಕ್ಕ ಬಣ್ಣದ ಅಂಚೊಂದು ಎದ್ದಿತ್ತು. ಅದಕ್ಕೆ ಉಗುರು ಕೊಟ್ಟು ಎಳೆದೆ. ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಅಂಗೈಯಗಲ ಬಣ್ಣ ಒಂದೇ ಸಲಕ್ಕೆ ಕೈಗೆ ಬಂತು. ಅದರಡಿ ಹಳೆಯ ಬಣ್ಣ ಫಳಫಳ ಹೊಳೆಯುತ್ತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ತಾತ ಇರುವ ತನಕ ವಾರಕ್ಕೊಮ್ಮೆ ಪಾಲಿಶ್ ಹಾಕಿ ಒರೆಸುತ್ತಿದ್ದರಂತೆ. ಅಷ್ಟೂ ವರ್ಷದ ಪಾಲಿಶ್ ಅಲ್ಲೇ ಕೂತಿತ್ತು, ಮೊಮ್ಮಗ ಅದರ ಮೇಲೆಯೇ ಬಣ್ಣ ಹೊಡೆದಿದ್ದ. ಹುಡುಗನ ಕಣ್ಣು ತುಂಬಿಬಂತು. ನಿಮಗೆಲ್ಲ ಒಂದು ಪತ್ರ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ನಾನು ಮೈಸೂರಿನವನು. ಮೂವತ್ತೈದು ವರ್ಷದಿಂದ ಇದೇ ಕೆಲಸ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾದ ಊರು ಇದು. ನಾನು ಕೆಲಸಕ್ಕೆ ಸೇರಿದಾಗ ಕಾರ್ಖಾನೆ ಇನ್ನೂ ನಡೆಯುತ್ತಿತ್ತು. ಅದು ಮುಚ್ಚಿದ ಮೇಲೂ ಇಲ್ಲಿನ ಜನ ಗಾಡಿಗಳನ್ನು ಕೈಬಿಡಲಿಲ್ಲ. ಹಾಗಾಗಿ ಇರುವ ತಗಡನ್ನು ಉಳಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ. ಒಂದು ಟ್ಯಾಂಕು ಹಾಳಾದರೆ ಅಂಥದ್ದೇ ಇನ್ನೊಂದನ್ನು ಹುಡುಕಿಕೊಂಡು ಎಷ್ಟು ಗುಜರಿ ಅಂಗಡಿ ಸುತ್ತಬೇಕು ಎನ್ನುವುದು ಸುತ್ತಿದವರಿಗೇ ಗೊತ್ತು.

ಮನೆಯಲ್ಲಿ ಮಾಡಲೇಬೇಡಿ ಅನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬಣ್ಣದ ಕೆಲಸ ಹತ್ತು ದಿನದ್ದಾದರೆ ಒಂಬತ್ತು ದಿನ ತಗಡನ್ನು ತಯಾರು ಮಾಡುವುದಕ್ಕೇ ಹೋಗುತ್ತದೆ. ಆ ಒಂಬತ್ತು ದಿನದ ಕೆಲಸ ಮನೆಯಲ್ಲೇ ಮಾಡುವಂಥದ್ದು. ನಮಗಿಂತ ನೀವೇ ಚೆನ್ನಾಗಿ ಮಾಡಬಲ್ಲಿರಿ, ಯಾಕೆಂದರೆ ನಿಮ್ಮ ಗಾಡಿಯ ಹಿಂದೆ ಇನ್ನೂ ಆರು ಗಾಡಿ ಸಾಲಿನಲ್ಲಿ ನಿಂತಿರುವುದಿಲ್ಲ. ಕೊನೆಯ ಒಂದು ದಿನ ಇದೆಯಲ್ಲ, ಹಾರ್ಡನರ್ ಬೆರೆಸಿ ಗನ್ನಿನಲ್ಲಿ ಹೊಡೆಯುವುದು, ಅದೊಂದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ನೀವು ಈಗ ಉಲ್ಟಾ ಮಾಡುತ್ತಿದ್ದೀರಿ. ಒಂಬತ್ತು ದಿನವನ್ನು ಒಂದು ಸಂಜೆಗೆ ಮುಗಿಸಿ, ಆ ಒಂದು ದಿನದ ಕೆಲಸಕ್ಕೆ ಪ್ರಾಣ ಒತ್ತೆ ಇಡುತ್ತಿದ್ದೀರಿ.

ಎಲ್ಲಕ್ಕಿಂತ ಮೊದಲು ಪೆಟ್ರೋಲ್ ಟ್ಯಾಂಕಿನ ವಿಚಾರ ಹೇಳಿಬಿಡುತ್ತೇನೆ. ದಯವಿಟ್ಟು ಇದನ್ನು ಎರಡು ಸಲ ಓದಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಇದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ಬಗ್ಗಿಸಿ ಖಾಲಿ ಮಾಡಿದೆ ಎಂದುಕೊಂಡ ಟ್ಯಾಂಕಿನ ಮೂಲೆಯಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲು ಅಷ್ಟು ಆವಿ ಕಟ್ಟುವುದಕ್ಕೆ ಸಾಕು. ನಾನು ಹುಡುಗನಾಗಿದ್ದಾಗ ಪಕ್ಕದ ಬೀದಿಯ ಗ್ಯಾರೇಜೊಂದರಲ್ಲಿ "ಖಾಲಿ" ಟ್ಯಾಂಕಿನ ತೂತಿಗೆ ಬ್ರೇಜಿಂಗ್ ಮಾಡಲು ಹೋಗಿ ಟ್ಯಾಂಕು ಸಿಡಿದು ಅದರ ಬೆಸುಗೆಯೇ ಬಿಚ್ಚಿಕೊಂಡಿತು. ಶಬ್ದ ಕೇಳಿ ಓಡಿಹೋದವರಲ್ಲಿ ನಾನೂ ಒಬ್ಬ. ಕೆಲಸ ಮಾಡುತ್ತಿದ್ದವನ ತೋಳು ಮೊಣಕೈಯವರೆಗೆ ಸುಟ್ಟಿತ್ತು. ಆದ್ದರಿಂದ ಪೆಟ್ರೋಲ್ ಕಾಕ್ ಕಳಚಿ ಟ್ಯಾಂಕನ್ನು ಪೂರ್ತಿ ಬಸಿಯಿರಿ. ಸೋಪಿನ ನೀರು ಹಾಕಿ ಹಲವು ಸಲ ಕುಲುಕಿ ತೊಳೆಯಿರಿ. ಮುಚ್ಚಳ ತೆಗೆದು ಬಯಲಲ್ಲಿ ಒಂದೆರಡು ದಿನ ಒಣಗಲು ಬಿಡಿ. ಅಷ್ಟಾದ ಮೇಲೂ ಗ್ರೈಂಡರ್, ಬೆಂಕಿ, ಹೀಟ್ ಗನ್ ಅದರ ಹತ್ತಿರ ತರಬೇಡಿ. ತೂತಿದ್ದರೆ ಆ ಕೆಲಸ ಬಲ್ಲವರಿಗೇ ಕೊಡಿ. ಒಳಗೆ ತುಕ್ಕು ತೆಗೆಯುವುದಿದ್ದರೆ ಬಣ್ಣಕ್ಕೆ ಮುಂಚೆಯೇ ತೆಗೆಯಿರಿ. ಆಮೇಲೆ ಹಾಕಿದ ಆಸಿಡ್ಡಿನ ಒಂದು ಹನಿ ಸೋರಿದರೂ ನಿಮ್ಮ ಹೊಸ ಬಣ್ಣ ಉಳಿಯುವುದಿಲ್ಲ.

ಇನ್ನು ಆ ಹುಡುಗನ ತಪ್ಪಿಗೆ ಬರೋಣ. ಮೊದಲು ತೊಳೆಯಬೇಕು, ಆಮೇಲೆ ಉಜ್ಜಬೇಕು. ನಿಮ್ಮಲ್ಲಿ ಹೆಚ್ಚಿನವರು ಉಜ್ಜಿದ ಮೇಲೆ ಒರೆಸುತ್ತೀರಿ. ಪಾಲಿಶ್, ಮೇಣ, ಚೈನಿಗೆ ಹೊಡೆಯುವ ಎಣ್ಣೆ, ಇವುಗಳಲ್ಲಿನ ಸಿಲಿಕೋನ್ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಉಜ್ಜುವ ಪೇಪರ್ ಆಡಿಸಿದರೆ ಅದು ಹೋಗುವುದಿಲ್ಲ, ಗೀರುಗಳೊಳಗೆ ಇಳಿದು ಕೂರುತ್ತದೆ. ಮೇಲೆ ಬಿದ್ದ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಆ ಮೀನಿನ ಕಣ್ಣು ಮೂಡುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಬಣ್ಣದಂಗಡಿಯಲ್ಲಿ ಸಿಗುವ ವ್ಯಾಕ್ಸ್ ರಿಮೂವರಿನಿಂದ ಒರೆಸಿ. ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿ. ಒಂದೇ ಬಟ್ಟೆಯಾದರೆ ಜಿಡ್ಡನ್ನು ಈ ಕಡೆಯಿಂದ ಆ ಕಡೆಗೆ ಬಳಿದಂತಾಯಿತು ಅಷ್ಟೆ. ಪೆಟ್ರೋಲು, ಸೀಮೆಎಣ್ಣೆಯಲ್ಲಿ ಒರೆಸಬೇಡಿ. ಅವು ತಾವೇ ಪಸೆ ಬಿಟ್ಟುಹೋಗುತ್ತವೆ.

ಹಳೆ ಬಣ್ಣ ಯಾವ ಜಾತಿಯದು ಅಂತಲೂ ನೋಡಿಕೊಳ್ಳಿ. ಟ್ಯಾಂಕಿನ ಅಡಿಭಾಗದಲ್ಲಿ, ಕಾಣದ ಕಡೆ, ಥಿನ್ನರ್ ಅದ್ದಿದ ಬಟ್ಟೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಹಳೆಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ. ಅದರ ಮೇಲೆ ಹಾರ್ಡನರ್ ಬಣ್ಣ ಬಿದ್ದರೆ ಸುಕ್ಕುಗಟ್ಟಿ ಏಳಬಹುದು. ಅಂಥದ್ದನ್ನು ಪೂರ್ತಿ ತೆಗೆಯುವುದೇ ಮೇಲು. ಬಣ್ಣ ಕರಗದೆ, ಏಳದೆ ಗಟ್ಟಿಯಾಗಿ ಕೂತಿದ್ದರೆ ಪೂರ್ತಿ ತೆಗೆಯುವ ಹಟ ಬೇಡ. ಒಡೆದ ಕಡೆಯ ಅಂಚನ್ನು ಮಾತ್ರ ಕೈಗೆ ತಡೆಯದಷ್ಟು ನಯವಾಗಿ ಇಳಿಸಿ, ಉಳಿದದ್ದನ್ನು ಹೊಳಪು ಹೋಗುವ ತನಕ ಉಜ್ಜಿದರೆ ಸಾಕು. ಹಳೇ ಜಾವಾ ಟ್ಯಾಂಕಿನ ಪಕ್ಕದಲ್ಲಿ ಕ್ರೋಮ್ ಇರುತ್ತದೆ. ಕ್ರೋಮಿನ ಮೇಲೆ ನೇರವಾಗಿ ಹೊಡೆದ ಬಣ್ಣ ನಿಲ್ಲುವುದಿಲ್ಲ, ಅದನ್ನು ಕ್ರೋಮ್ ಆಗಿಯೇ ಬಿಡಿ. ಪ್ಲಾಸ್ಟಿಕ್ ಸೈಡ್ ಪ್ಯಾನಲ್‌ಗೆ ಪೇಂಟ್ ರಿಮೂವರ್ ತಾಗಿಸಿದರೆ ಪ್ಯಾನಲ್ಲೇ ಕರಗಿಹೋಗಬಹುದು.

ಉಜ್ಜುವಾಗ ಏಳುವ ದೂಳಿನ ಬಗ್ಗೆ ನಾವು ಹಿರಿಯರು ನಿಮಗೆ ಹೇಳಿಯೇ ಇಲ್ಲ, ಆ ತಪ್ಪು ನಮ್ಮದು. ಹಳೆಯ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ, ಅಲಂಕಾರಕ್ಕೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ವಾಹನದ ಬಣ್ಣ ಆ ನಿಯಮದೊಳಗೆ ಬರುವುದಿಲ್ಲ. ತಾತನ ಕಾಲದ ಗಾಡಿಯನ್ನು ನೀವು ಪಡಸಾಲೆಯಲ್ಲಿ ಒಣ ಪೇಪರ್ ಹಿಡಿದು ಉಜ್ಜುತ್ತೀರಿ. ಸಂಜೆ ಅದೇ ನೆಲದ ಮೇಲೆ ಅಕ್ಕನ ಮಗು ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಹಳೆ ಬಣ್ಣವನ್ನು ಯಾವಾಗಲೂ ನೀರು ಹಾಕಿಯೇ ಉಜ್ಜಿ, ಮನೆಯ ಹೊರಗೇ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಳಿದ ರಾಡಿಯನ್ನು ಅದರಲ್ಲೇ ಮಡಚಿ ತೆಗೆಯಿರಿ. ಬಾವಿಯ ಹತ್ತಿರಕ್ಕೆ, ತುಳಸಿಕಟ್ಟೆಯ ಬುಡಕ್ಕೆ, ಚರಂಡಿಗೆ ಬಿಡಬೇಡಿ. ಉಜ್ಜುವಾಗ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ನೆಗ್ಗು ತುಂಬುವ ಮೆಟಲ್ ಪೇಸ್ಟಿನ ವಿಷಯ ಇದಕ್ಕೆ ತದ್ವಿರುದ್ಧ. ಅದನ್ನು ಒಣಗಿದ್ದಾಗಲೇ ಉಜ್ಜಬೇಕು. ನಮ್ಮ ಶೆಡ್ಡುಗಳಲ್ಲೇ ಎಷ್ಟೋ ಜನ ಪೇಸ್ಟಿನ ಮೇಲೂ ನೀರು ಸುರಿದು ವಾಟರ್ ಪೇಪರ್ ಆಡಿಸುತ್ತಾರೆ. ಆ ಪೇಸ್ಟು ನೀರನ್ನು ಹೀರಿ ಒಳಗಿಟ್ಟುಕೊಳ್ಳುತ್ತದೆ. ಮೇಲೆ ಬಣ್ಣ ಬಿದ್ದು, ಗಾಡಿ ಬಿಸಿಲಿಗೆ ನಿಂತಾಗ ಗುಳ್ಳೆ ಏಳುತ್ತದೆ, ತಗಡು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ. ಪೇಸ್ಟ್ ಉಜ್ಜುವಾಗ ಎನ್95 ಮಾಸ್ಕ್ ಹಾಕಿಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಪೇಸ್ಟು ಹಚ್ಚುವ ಮೊದಲು ನೆಗ್ಗನ್ನು ಆದಷ್ಟು ಎತ್ತಿಸಿ, ಅಲ್ಲಿನ ಬಣ್ಣ ಪೂರ್ತಿ ತೆಗೆದು ತಗಡಿಗೆ 80ರ ಪೇಪರಿನಿಂದ ಗೀರು ಕೊಡಿ. ನೂರು ಗ್ರಾಂ ಪೇಸ್ಟಿಗೆ ಎರಡು ಗ್ರಾಂ ಹಾರ್ಡನರ್ ಸಾಕು. ಬೇಗ ಗಟ್ಟಿಯಾಗಲಿ ಅಂತ ಹೆಚ್ಚು ಹಾಕಿದರೆ ಅದರ ಕಲೆ ಮೇಲಿನ ಬಣ್ಣಕ್ಕೆ ಏರುತ್ತದೆ. ತೆಳುವಾಗಿ ಹಚ್ಚಿ, ಬೇಕಾದರೆ ಇನ್ನೊಮ್ಮೆ ಹಚ್ಚಿ. ಮರದ ತುಂಡಿಗೋ ಹಳೇ ರಬ್ಬರ್ ಚಪ್ಪಲಿಯ ತುಂಡಿಗೋ ಪೇಪರ್ ಸುತ್ತಿಕೊಂಡು ಉಜ್ಜಿ. ಬರೀ ಬೆರಳಿನಲ್ಲಿ ಉಜ್ಜಿದರೆ ಬೆರಳಿನ ಸಾಲೇ ಮೂಡುತ್ತದೆ. 80, 180, 320, ಹೀಗೆ ಮೆಟ್ಟಿಲಿಳಿದು ಬನ್ನಿ, ಮೆಟ್ಟಿಲು ಹಾರಬೇಡಿ. ಟ್ಯೂಬಿನಲ್ಲಿ ಬರುವ ಎನ್‌ಸಿ ಪುಟ್ಟಿ ಸೂಜಿತೂತುಗಳಿಗೆ ಮಾತ್ರ. ಅದನ್ನು ದಪ್ಪಕ್ಕೆ ಹಚ್ಚಿದರೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ.

ಮಟ್ಟ ಬಂದಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ನನಗೆ ಕೆಲಸ ಕಲಿಸಿದ ಉಸ್ತಾದ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಳೇ ಪಂಚೆಯ ತೆಳು ಬಟ್ಟೆಯನ್ನು ತಗಡಿನ ಮೇಲೆ ಹರಡಿ, ಅದರ ಮೇಲೆ ಅಂಗೈ ಪೂರ್ತಿ ಇಟ್ಟು, ಭಾರ ಹಾಕದೆ ಉದ್ದಕ್ಕೆ ಎಳೆಯುತ್ತಿದ್ದರು. ಬಟ್ಟೆ ಇದ್ದರೆ ಕೈ ಜಾರುತ್ತದೆ, ಚರ್ಮ ಹಿಡಿದುಕೊಳ್ಳುವುದಿಲ್ಲ, ಏರುತಗ್ಗು ಮಾತ್ರ ತಿಳಿಯುತ್ತದೆ. "ಇಲ್ಲೊಂದು ಅಲೆ ಇದೆ ನೋಡು" ಅನ್ನುತ್ತಿದ್ದರು. ಕಣ್ಣಿಗೆ ಏನೂ ಕಾಣದ ಕಡೆ ನಾನು ಪೇಪರ್ ಆಡಿಸಿದರೆ ಸುತ್ತಲೂ ಬಿಳಿಚಿ, ನಡುವೆ ಮಾತ್ರ ಒಂದು ರೂಪಾಯಿಯಗಲ ಹಾಗೇ ಉಳಿಯುತ್ತಿತ್ತು. ಅಲ್ಲಿ ತಗ್ಗು ಇತ್ತು ಅಂತ ಅರ್ಥ. ನೀವೂ ಹೀಗೆ ಮಾಡಿ ನೋಡಿ, ಒಂದು ವಾರದಲ್ಲಿ ಕೈಗೆ ಬುದ್ಧಿ ಬರುತ್ತದೆ.

ಬರಿ ತಗಡನ್ನು ರಾತ್ರಿಯಿಡೀ ಬಿಡಬೇಡಿ. ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ತುಕ್ಕಿನ ಛಾಯೆ ಬಂದಿರುತ್ತದೆ, ಬೆವರಿದ ಕೈ ಇಟ್ಟ ಕಡೆ ಐದು ಬೆರಳೂ ಅಚ್ಚೊತ್ತಿರುತ್ತವೆ. ಎಷ್ಟು ಭಾಗಕ್ಕೆ ಅದೇ ದಿನ ಪ್ರೈಮರ್ ಹೊಡೆಯಬಲ್ಲಿರೋ ಅಷ್ಟನ್ನೇ ಬಿಚ್ಚಿ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ತರಬೇಡಿ, ಬೈಕಿನ ಬಣ್ಣಕ್ಕೆ ಅದು ಹೊಂದುವುದಿಲ್ಲ. ಹಾರ್ಡನರ್ ಇಲ್ಲದ ಪ್ರೈಮರ್ ಡಬ್ಬಿಯನ್ನು ತೆರೆದ ಬಯಲಲ್ಲಿ ಮಾಸ್ಕ್ ಹಾಕಿಕೊಂಡು ಹೊಡೆಯಿರಿ. ಎರಡು ಭಾಗ ಬೆರೆಸುವ ಪ್ರೈಮರ್ ಬೇಕಾದರೆ ಅದನ್ನೂ ಶೆಡ್ಡಿನಲ್ಲೇ ಹೊಡೆಸಿ ಮನೆಗೆ ತನ್ನಿ. ಒಣಗಿದ ಪ್ರೈಮರಿನ ಮೇಲೆ ದೂರದಿಂದ ಕಪ್ಪು ಸ್ಪ್ರೇ ಸ್ವಲ್ಪವೇ ಎರಚಿ, ಸಾಸಿವೆ ಚೆಲ್ಲಿದ ಹಾಗೆ. ಆಮೇಲೆ 400, 600ರಲ್ಲಿ ನೀರು ಹಾಕಿ ಉಜ್ಜಿ. ಎಲ್ಲೆಲ್ಲಿ ಕಪ್ಪು ಉಳಿಯಿತೋ ಅಲ್ಲೆಲ್ಲ ತಗ್ಗಿದೆ. ಆ ಕಪ್ಪು ಪೂರ್ತಿ ಹೋಗುವ ತನಕ ಬಣ್ಣದ ಮಾತೆತ್ತಬೇಡಿ. ಮರೆಮಾಡಲು ದಿನಪತ್ರಿಕೆ ಅಂಟಿಸುತ್ತೀರಲ್ಲ, ಥಿನ್ನರಿಗೆ ಅದರ ಮಸಿ ಬಿಡುತ್ತದೆ. ಕಂದು ಕಾಗದ ತನ್ನಿ.

ಈಗ ಕೊನೆಯ ಆ ಒಂದು ದಿನ.

ಸಾಮಾನ್ಯ ಸ್ಪ್ರೇ ಡಬ್ಬಿಯ ಬಣ್ಣ ಪೆಟ್ರೋಲಿಗೆ ತಡೆಯುವುದಿಲ್ಲ. ಬಂಕಿನಲ್ಲಿ ಒಂದು ಹನಿ ಚೆಲ್ಲಿದರೆ ಮೆತ್ತಗಾಗಿ ಏಳುತ್ತದೆ. ಟ್ಯಾಂಕಿಗೆ ಹಾರ್ಡನರ್ ಬೆರೆಸಿದ ಬಣ್ಣ, ಅದರ ಮೇಲೆ ಹಾರ್ಡನರ್ ಬೆರೆಸಿದ ಕ್ಲಿಯರ್ ಬೇಕೇ ಬೇಕು. ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಬಣ್ಣದಲ್ಲಿರುವುದು ಅದಲ್ಲ, ಅಷ್ಟು ಘೋರವೂ ಅಲ್ಲ, ಆದರೆ ಒಂದೇ ಕುಲದ್ದು. ಇದರ ಕೆಟ್ಟತನವೆಂದರೆ ಅಪಾಯವಾಗುವಷ್ಟು ಒಳಗೆ ಹೋದರೂ ಮೂಗಿಗೆ ತಿಳಿಯುವುದಿಲ್ಲ. ನೀವು ಮೂಸುವುದು ಥಿನ್ನರಿನ ವಾಸನೆ. ಬಟ್ಟೆಯ ಮಾಸ್ಕು, ಎನ್95, ಯಾವುದೂ ಇದರ ಆವಿಯನ್ನು ತಡೆಯುವುದಿಲ್ಲ. ಹೊರಗಿನಿಂದ ಕೊಳವೆಯಲ್ಲಿ ಗಾಳಿ ಕೊಡುವ ಮುಖವಾಡ, ಗಾಳಿ ಎಳೆದುಹಾಕುವ ಬೂತು ಇದ್ದರೆ ಮಾತ್ರ ಈ ಕೆಲಸ.

ನಮ್ಮ ಉಸ್ತಾದ್ ಒದ್ದೆ ಕರ್ಚೀಫು ಕಟ್ಟಿಕೊಂಡು ಹೊಡೆಯುತ್ತಿದ್ದರು. ಹಾರ್ಡನರ್ ಬಣ್ಣ ನಮ್ಮ ಶೆಡ್ಡಿಗೆ ಬಂದು ಕೆಲವು ವರ್ಷಗಳಲ್ಲಿ ಅವರಿಗೆ ರಾತ್ರಿ ಹೊತ್ತು ಕೆಮ್ಮು ಶುರುವಾಯಿತು. ಹಗಲು ಚೆನ್ನಾಗಿರುತ್ತಿದ್ದರು, ಹಾಗಾಗಿ ಕೆಲಸಕ್ಕೂ ಕೆಮ್ಮಿಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ. ವೈದ್ಯರು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ಗೊತ್ತಾದದ್ದು. ಒಮ್ಮೆ ಮೈ ಇದಕ್ಕೆ ತಿರುಗಿಬಿದ್ದರೆ ಮುಗಿಯಿತು, ಆಮೇಲೆ ಎಳ್ಳಷ್ಟೇ ತಾಗಿದರೂ ಉಬ್ಬಸ. ಶೆಡ್ಡಿನ ಆ ತುದಿಯಲ್ಲಿ ಯಾರಾದರೂ ಡಬ್ಬಿ ತೆರೆದರೆ ಈ ತುದಿಯಲ್ಲಿ ಅವರ ಎದೆ ಬಿಗಿಯುತ್ತಿತ್ತು. ಕೊನೆಯ ವರ್ಷಗಳಲ್ಲಿ ಅವರು ಒಳಗೆ ಕಾಲಿಡಲಿಲ್ಲ. ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಪ್ರೈಮರ್ ಮುಗಿಸಿದ ಟ್ಯಾಂಕನ್ನು ಎತ್ತಿಕೊಂಡು ರಸ್ತೆ ದಾಟಿ ಹೋಗಿ ಅವರ ತೊಡೆಯ ಮೇಲೆ ಇಡುತ್ತಿದ್ದೆ. ಹೆಗಲ ಮೇಲಿನ ಬಟ್ಟೆ ತೆಗೆದು ಹರಡಿ, ಕಣ್ಣು ಮುಚ್ಚಿ, ಅಂಗೈ ಎಳೆದು ಹೇಳುತ್ತಿದ್ದರು, ಇಲ್ಲೊಂದು ಅಲೆ ಇದೆ ನೋಡು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮನೆಯ ತಾರಸಿಯಲ್ಲಿ, ಕಾರ್ ಶೆಡ್ಡಿನಲ್ಲಿ, ಬಾಡಿಗೆ ರೂಮಿನಲ್ಲಿ ಬಣ್ಣದ ಹಾರ್ಡನರ್ ಡಬ್ಬಿ ತೆರೆಯಬೇಡಿ. ತಳದಲ್ಲಿ ಪಿನ್ನು ಒತ್ತಿ ಬೆರೆಸುವ ಸ್ಪ್ರೇ ಡಬ್ಬಿಯಲ್ಲಿರುವುದೂ ಅದೇ. ನೀವು ಸಿದ್ಧ ಮಾಡಿದ ತಗಡನ್ನು ಬೂತ್ ಇರುವವರ ಹತ್ತಿರ ತನ್ನಿ. "ಉಜ್ಜಿಕೊಂಡು ಬಂದಿದ್ದೇನೆ, ಹೊಡೆಯುವ ಕೂಲಿ ಮಾತ್ರ ಹೇಳಿ" ಅನ್ನಿ. ಕೂಲಿ ಬಹಳ ಇಳಿಯುತ್ತದೆ, ಉಜ್ಜಿದ ಹೆಮ್ಮೆಯೂ ನಿಮ್ಮದೇ ಆಗಿರುತ್ತದೆ.

ಥಿನ್ನರ್ ಬಳಸುವ ಹೊತ್ತಿಗೆ ದೇವರ ಮನೆಯ ದೀಪ, ಗ್ಯಾಸ್ ಗೀಸರ್, ಅಡುಗೆ ಒಲೆ, ಇವನ್ನು ನೆನಪಿಟ್ಟುಕೊಳ್ಳಿ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಬಾಗಿಲ ಸಂದಿನಿಂದ ಪಕ್ಕದ ಕೋಣೆಗೆ ಹರಿಯುತ್ತದೆ. ಅಮ್ಮ ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಡಬ್ಬಿಗಳ ಮುಚ್ಚಳ ಬಿಗಿದಿರಲಿ.

ಕಾನೂನಿನ ಎರಡು ಮಾತು. ಗಾಡಿಯ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬೇರೆ ಬಣ್ಣಕ್ಕೆ ಹೋಗುವುದಿದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ದಾಖಲೆ ಸರಿಮಾಡಿಸಿಕೊಳ್ಳಿ. ಬುಲೆಟ್ಟಿಗೆ ಮಿಲಿಟರಿ ಹಸಿರು ಬೇಕು ಅಂತ ಕೇಳುವವರು ಬಹಳ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನಾನು ಹೊಡೆದುಕೊಡುವುದಿಲ್ಲ, ನೀವೂ ಹೊಡೆಯಬೇಡಿ. ಫ್ರೇಮಿನ ಮೇಲೆ ಪಂಚ್ ಹೊಡೆದಿರುವ ಚಾಸಿಸ್ ನಂಬರಿನ ಮೇಲೆ ಪೇಪರ್ ಆಡಿಸಬೇಡಿ, ಪುಟ್ಟಿ ಮೆತ್ತಬೇಡಿ.

ಆ ಹುಡುಗ ಈಗ ದಿನಾ ಸಂಜೆ ಕಾಲೇಜು ಬಿಟ್ಟು ಶೆಡ್ಡಿಗೆ ಬರುತ್ತಾನೆ. ಕೆಂಪನ್ನೂ ಅದರಡಿಯ ಹಳೆಯ ಬಣ್ಣವನ್ನೂ ಅವನೇ ತೆಗೆದ. ಬಲಗಡೆ ತಾತ ಎಲ್ಲೋ ಬಿದ್ದಾಗ ಆದ ನೆಗ್ಗೊಂದು ಸಿಕ್ಕಿತು, ಅದನ್ನು ಅವನೇ ತುಂಬಿದ. ನಿನ್ನೆ ಬೂತಿನಲ್ಲಿ ಪ್ರೈಮರ್ ಹೊಡೆದುಕೊಟ್ಟೆ. ಹಬ್ಬಕ್ಕೆ ಇನ್ನು ನಾಲ್ಕು ದಿನ ಇದೆ, ಮಳೆ ಬಿಟ್ಟಿಲ್ಲ, ಕೆಂಪು ಈಗಲೇ ಬೇಡ ಅಂತ ಇಬ್ಬರೂ ತೀರ್ಮಾನ ಮಾಡಿದ್ದೇವೆ. ರೋಡ್‌ಕಿಂಗ್ ಈ ಸಲ ಬೂದು ಪ್ರೈಮರಿನಲ್ಲೇ ಪೂಜೆ ಮಾಡಿಸಿಕೊಳ್ಳಲಿದೆ. ಪ್ರೈಮರ್ ಬಣ್ಣವನ್ನೂ ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಅದಕ್ಕೇ ಅರಿಶಿನ ಕುಂಕುಮವನ್ನು ಹ್ಯಾಂಡಲಿಗೆ ಇಡಿ, ಟ್ಯಾಂಕಿಗೆ ಬೇಡ ಅಂತ ಅವನ ಅಜ್ಜಿಗೆ ಹೇಳಿ ಕಳಿಸಿದ್ದೇನೆ.

ಇಂತಿ ನಿಮ್ಮ ಹಿತ ಬಯಸುವ,
ಒಬ್ಬ ಬೈಕ್ ಪೇಂಟರ್
ಮೈಸೂರು